ನಮ್ಮ ಕಡೆ ಹೊಲಕ್ಕೆ ಯಾವ ಸ್ಟ್ರಾಬೆರಿ? ಹೊಸ ತಳಿ, ಹಳೇ ತಳಿ ಪಕ್ಕಪಕ್ಕ ಇಟ್ಟು ನೋಡಿದಾಗ

ಸಂಕ್ರಾಂತಿಗೆ ಇನ್ನೂ ನಾಲ್ಕು ದಿನ ಇತ್ತು. ಬೆಳಗ್ಗೆ ಆರೂವರೆ, ನಂದಿ ಬೆಟ್ಟ ಪೂರ್ತಿ ಮಂಜಿನಲ್ಲಿ ಮುಳುಗಿತ್ತು. ಹಣ್ಣು ಬಿಡಿಸಲು ಬಂದಿದ್ದ ಹೆಂಗಸರಿಗೆ ಅವತ್ತು ಒಂದೇ ಮಾತು ಹೇಳಿದ್ದೆ: ಎರಡು ಬೆಡ್ಡಿನ ಹಣ್ಣು ಬೆರೆಸಬೇಡಿ. ಒಂದು ಬೆಡ್ಡಿನಲ್ಲಿ ಹಳೇ ತಳಿ ಕ್ಯಾಮರೋಸಾ, ಪಕ್ಕದ್ದರಲ್ಲಿ ಹೊಸ ತಳಿ ಫ್ಲೋರಿಡಾ ಬ್ರಿಲಿಯನ್ಸ್. ನೆಟ್ಟಿದ್ದು ಒಂದೇ ದಿನ. ಒಂದೇ ಬೋರಿನ ನೀರು, ಒಂದೇ ಗೊಬ್ಬರ. ಬಿಸಿಲು ಏರುವ ಹೊತ್ತಿಗೆ ಬ್ರಿಲಿಯನ್ಸ್ ಕ್ರೇಟ್ ತುಂಬಿತ್ತು. ಕ್ಯಾಮರೋಸಾ ಕ್ರೇಟಿನ ತಳ ಮಾತ್ರ ಮುಚ್ಚಿತ್ತು. ಹಾಗಂತ ಕ್ಯಾಮರೋಸಾ ಗಿಡ ಸೊರಗಿರಲಿಲ್ಲ. ಹೂವು, ಹಸಿರು ಕಾಯಿ ಬೇಕಾದಷ್ಟಿತ್ತು. ಹಣ್ಣಾಗಲು ಇನ್ನೂ ಎರಡು ಮೂರು ವಾರ ಬೇಕಿತ್ತು, ಅಷ್ಟೇ.

ಆ ಎರಡು ಮೂರು ವಾರ ನಮ್ಮ ಕಡೆ ಎಷ್ಟು ದೊಡ್ಡದು ಅಂತ ಹೇಳೋಕೇ ಇದನ್ನು ಬರೆಯುತ್ತಿದ್ದೇನೆ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಮಾಲೂರು ಕಡೆಯ ಕೆಲವರು ಫೋನ್ ಮಾಡಿ ಕೇಳುತ್ತಾರೆ: "ಅಣ್ಣಾ, ಟೊಮೆಟೊ ಸಾಕಾಗಿ ಹೋಗಿದೆ. ಅರ್ಧ ಎಕರೆ ಸ್ಟ್ರಾಬೆರಿ ಹಾಕೋಣ ಅಂತಿದ್ದೀನಿ. ಹೊಸ ತಳಿ ತರಲಾ, ಹಳೇದೇ ಸಾಕಾ?" ಫೋನಲ್ಲಿ ಐದು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು.

ಚಳಿ ಎಷ್ಟು ದಿನ ಇರುತ್ತೆ?

ತಳಿಯ ಹೆಸರಿಗೆ ಹೋಗುವ ಮುಂಚೆ ನಮ್ಮ ಹವಾಮಾನ ನೋಡಬೇಕು. ದೇಶದಲ್ಲಿ ಸ್ಟ್ರಾಬೆರಿ ಅಂದರೆ ಮಹಾಬಲೇಶ್ವರ. ಆ ಊರು ಸಮುದ್ರಮಟ್ಟದಿಂದ ಸುಮಾರು 1,370 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಹಣ್ಣಿಗೆ 2010ರಲ್ಲಿ ಜಿಐ ಟ್ಯಾಗ್ (ಆ ಊರಿನದೇ ಬೆಳೆ ಅನ್ನುವ ಸರ್ಕಾರಿ ಗುರುತು) ಕೂಡ ಸಿಕ್ಕಿತು. ನಮ್ಮ ಚಿಕ್ಕಬಳ್ಳಾಪುರ 900 ಮೀಟರ್ ಆಸುಪಾಸು, ಕೋಲಾರ ಇನ್ನೂ ಸ್ವಲ್ಪ ಕೆಳಗೆ. ನಂದಿ ಬೆಟ್ಟದ ತುದಿ 1,478 ಮೀಟರ್ ಇದೆ ನಿಜ, ಆದರೆ ಹೊಲ ಇರುವುದು ಬೆಟ್ಟದ ಬುಡದಲ್ಲಿ.

ನಮಗೆ ಒಳ್ಳೆಯ ಚಳಿ ಸಿಗುವುದು ನವೆಂಬರ್ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ. ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋಗುತ್ತೆ ಅನ್ನೋ ಮಾತು ಸ್ಟ್ರಾಬೆರಿ ಬೆಳೆಯುವವನಿಗೆ ಗಾದೆ ಅಲ್ಲ, ಕ್ಯಾಲೆಂಡರ್. ಬಿಸಿಲು 30 ಡಿಗ್ರಿ ದಾಟಿ ನಿಂತರೆ ಗಿಡ ಹೊಸ ಹೂವು ಕಟ್ಟುವುದನ್ನು ಕಡಿಮೆ ಮಾಡುತ್ತದೆ. ಇರುವ ಹಣ್ಣು ಸಣ್ಣದಾಗುತ್ತದೆ, ಬೇಗ ಮೆತ್ತಗಾಗುತ್ತದೆ. ಮಾರ್ಚ್ ಎರಡನೇ ವಾರದ ಹೊತ್ತಿಗೆ ನನ್ನ ಹೊಲದಲ್ಲಿ ಬಿಡಿಸುವ ಕೂಲಿಯೂ ಹುಟ್ಟುವುದಿಲ್ಲ.

ಹಾಗಾಗಿ ನಾನು ತಳಿಗೆ ಕೇಳುವ ಮೊದಲ ಪ್ರಶ್ನೆ "ಎಷ್ಟು ಕೊಡ್ತೀಯ" ಅಂತ ಅಲ್ಲ, "ಯಾವಾಗ ಕೊಡ್ತೀಯ" ಅಂತ. ಕ್ಯಾಮರೋಸಾ ಸೀಸನ್ ಪೂರ್ತಿ ಲೆಕ್ಕ ಹಾಕಿದರೆ ಕಡಿಮೆ ಕೊಡುವ ತಳಿ ಅಲ್ಲವೇ ಅಲ್ಲ. ಆದರೆ ಅದು ತನ್ನ ಜೋರು ತೋರಿಸುವ ಹೊತ್ತಿಗೆ ನಮ್ಮ ಕಡೆ ಬಿಸಿಲು ಬಂದಿರುತ್ತದೆ.

ಇದಕ್ಕೆ ಕಾರಣ ಆ ತಳಿ ಹುಟ್ಟಿದ ಜಾಗ. ಕ್ಯಾಮರೋಸಾ 1990ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಬಿಟ್ಟ ತಳಿ. ಅದಕ್ಕೂ ಹಿಂದಿನ ಚಾಂಡ್ಲರ್ ಕೂಡ ಅಲ್ಲಿಯದೇ, 1983ರದ್ದು. ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ಸಮುದ್ರದ ತಂಪು ಗಾಳಿ ತಿಂಗಳುಗಟ್ಟಲೆ ಇರುತ್ತದೆ. ಅಲ್ಲಿನ ರೈತನಿಗೆ ಅವಸರ ಇಲ್ಲ. ಫ್ಲೋರಿಡಾ ಹಾಗಲ್ಲ. ಅಲ್ಲಿ ಚಳಿಗಾಲ ಚಿಕ್ಕದು, ಅಕ್ಟೋಬರ್‌ನಲ್ಲಿ ನೆಟ್ಟು ಡಿಸೆಂಬರ್‌ನಿಂದ ಹಣ್ಣು ಮಾರಬೇಕು, ಬೇಸಿಗೆ ಬಂದರೆ ಆಟ ಮುಗೀತು. ಫ್ಲೋರಿಡಾ ವಿಶ್ವವಿದ್ಯಾಲಯದವರು ಅಲ್ಲಿನ ರೈತರಿಗಾಗಿ ಬೇಗ ಹಣ್ಣು ಬಿಡುವ ಗಿಡಗಳನ್ನೇ ಆರಿಸುತ್ತಾ ಬಂದಿದ್ದಾರೆ. 1992ರ ಸ್ವೀಟ್ ಚಾರ್ಲಿ, 2005ರ ವಿಂಟರ್ ಡಾನ್, 2013ರ ಸ್ವೀಟ್ ಸೆನ್ಸೇಶನ್, ಈಗಿನ ಬ್ರಿಲಿಯನ್ಸ್, ಎಲ್ಲಾ ಒಂದೇ ಮನೆಯ ಮಕ್ಕಳು. ಚಿಕ್ಕಬಳ್ಳಾಪುರಕ್ಕೆ ಫ್ಲೋರಿಡಾ ಹೊಂದುತ್ತದೆ ಅಂತ ನಾನು ಧೈರ್ಯವಾಗಿ ಹೇಳುವುದು ಇದಕ್ಕೇ.

ವರ್ಷಪೂರ್ತಿ ಹಣ್ಣು ಕೊಡುತ್ತೆ ಅನ್ನೋ ಮಾತು

ಇಲ್ಲಿ ಒಂದು ವಿಷಯ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ದುಡ್ಡು ಹೋಗುವುದು ಇಲ್ಲೇ. ಸ್ಟ್ರಾಬೆರಿಯಲ್ಲಿ ಎರಡು ಜಾತಿ ಅಂತ ಹೇಳುತ್ತಾರೆ. ಹಗಲು ಚಿಕ್ಕದಾದಾಗ ಮಾತ್ರ ಹೂ ಕಟ್ಟುವುದು ಒಂದು. ಹಗಲು ಎಷ್ಟಿದ್ದರೂ ಹೂ ಕಟ್ಟುವುದು ಇನ್ನೊಂದು, ಅದಕ್ಕೆ ಡೇ ನ್ಯೂಟ್ರಲ್ ಅನ್ನುತ್ತಾರೆ. ಆಲ್ಬಿಯನ್, ಸ್ಯಾನ್ ಆಂಡ್ರಿಯಾಸ್ ಈ ಎರಡನೇ ಗುಂಪಿನವು. ಇವನ್ನು ಮಾರುವಾಗ "ವರ್ಷಪೂರ್ತಿ ಹಣ್ಣು" ಅಂತ ಹೇಳಿ ಜಾಸ್ತಿ ದುಡ್ಡು ಕೇಳುವುದುಂಟು.

ಕ್ಯಾಲಿಫೋರ್ನಿಯಾದಲ್ಲಿ ಆ ಮಾತಿಗೆ ಅರ್ಥ ಇದೆ. ಅಲ್ಲಿ ಬೇಸಿಗೆಯ ಹಗಲು 14 ಗಂಟೆಗಿಂತ ಉದ್ದ. ಮೊದಲ ಜಾತಿಯ ಗಿಡಕ್ಕೆ ಅದು ತೊಂದರೆ. ನಮ್ಮ ಊರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಜೂನ್‌ನಲ್ಲಿ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟುವುದಿಲ್ಲ. ಅಂದರೆ ಎರಡು ಜಾತಿಗೂ ಇಲ್ಲಿ ಹಗಲಿನ ತಕರಾರೇ ಇಲ್ಲ! ಹೂವು ನಿಲ್ಲಿಸುವುದು ಬಿಸಿಲು, ಆ ಬಿಸಿಲು ಆಲ್ಬಿಯನ್‌ಗೂ ಬಿಡುವುದಿಲ್ಲ. ಏಪ್ರಿಲ್‌ನಲ್ಲಿ 35 ಡಿಗ್ರಿ ಬಂದಾಗ ಎರಡೂ ಒಂದೇ ಥರ ಬಾಡುತ್ತವೆ. ಆಲ್ಬಿಯನ್ ಹಣ್ಣು ರುಚಿ, ಗಟ್ಟಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ತಂಪು ಮಾಡುವ ಪಾಲಿಹೌಸ್ ಇಲ್ಲದೆ, ಬಯಲು ಹೊಲಕ್ಕೆ, ವರ್ಷಪೂರ್ತಿ ಅನ್ನುವ ಆಸೆಗೆ ಅದನ್ನು ತರಬೇಡಿ.

ಒಂದೊಂದಾಗಿ ನೋಡೋಣ

ಬ್ರಿಲಿಯನ್ಸ್ ಹೆಸರಿಗೆ ತಕ್ಕ ಹಾಗೆ ಹೊಳೆಯುತ್ತದೆ. ಮಂಜು ಆರಿದ ಮೇಲೂ ಎಣ್ಣೆ ಸವರಿದ ಹಾಗೆ ಕಾಣುತ್ತದೆ. ಹಣ್ಣು ಒಂದೇ ಆಕಾರ, ಗಟ್ಟಿ. ನನಗೆ ಇದಕ್ಕಿಂತ ಇಷ್ಟವಾದದ್ದು ಗಿಡದ ರೀತಿ. ಎಲೆ ದಟ್ಟವಾಗಿ ಮುಚ್ಚಿಕೊಳ್ಳುವುದಿಲ್ಲ, ಹಣ್ಣಿನ ತೊಟ್ಟು ಉದ್ದ. ಹಣ್ಣು ಎಲೆ ಮರೆಯಿಂದ ಆಚೆ ಬಂದು ಬೆಡ್ಡಿನ ಅಂಚಿಗೆ ಇಳಿಬಿದ್ದಿರುತ್ತದೆ. ಬಿಡಿಸುವ ಹೆಂಗಸರು ಬಗ್ಗಿ ಎಲೆ ಸರಿಸಿ ಹುಡುಕಬೇಕಾಗಿಲ್ಲ. ಹೆಬ್ಬೆರಳ ಉಗುರಿನಿಂದ ತೊಟ್ಟನ್ನು ಚಿವುಟಿ, ತೊಟ್ಟು ಹಿಡಿದೇ ಕ್ರೇಟಿಗೆ ಇಡುತ್ತಾರೆ. ಹಣ್ಣಿಗೆ ಬೆರಳು ತಾಗುವುದೇ ಇಲ್ಲ. ಸೀಸನ್ನಿನಲ್ಲಿ ದಿನ ಬಿಟ್ಟು ದಿನ ಬಿಡಿಸುವ ಬೆಳೆ ಇದು. ಇವತ್ತು ಎಲೆ ಮರೆಯಲ್ಲಿ ಉಳಿದ ಹಣ್ಣು ನಾಳಿದ್ದು ಕೊಳೆತು ಪಕ್ಕದ್ದಕ್ಕೂ ಬೂಷ್ಟು ಹತ್ತಿಸುತ್ತದೆ. ಹಾಗಾಗಿ ಈ ಉದ್ದ ತೊಟ್ಟು ಸಣ್ಣ ವಿಷಯ ಅಲ್ಲ.

ಆದರೆ ಬ್ರಿಲಿಯನ್ಸ್‌ಗೆ ಒಂದು ದೊಡ್ಡ ಭಯ ಇದೆ, ಮಾರುವವರು ಅದನ್ನು ಹೇಳುವುದಿಲ್ಲ. ನಿಯೋಪೆಸ್ಟಲೋಟಿಯಾಪ್ಸಿಸ್ ಅನ್ನುವ ಶಿಲೀಂಧ್ರ ರೋಗ ಕಳೆದ ಕೆಲವು ವರ್ಷಗಳಿಂದ ಫ್ಲೋರಿಡಾವನ್ನು ಕಾಡುತ್ತಿದೆ. ಎಲೆ ಮೇಲೆ ಕಂದು ಮಚ್ಚೆ, ಹಣ್ಣಿನ ಮೇಲೆ ಕೊಳೆ, ಮಳೆ ಬಂದರೆ ಬೆಂಕಿಯ ಥರ ಹಬ್ಬುತ್ತದೆ. ಅದು ಅಲ್ಲಿನ ಹೊಲಗಳಿಗೆ ಬಂದದ್ದು ನರ್ಸರಿ ಸಸಿಗಳ ಜೊತೆ. ಬ್ರಿಲಿಯನ್ಸ್, ಸೆನ್ಸೇಶನ್ ಎರಡೂ ಆ ರೋಗಕ್ಕೆ ಸುಲಭವಾಗಿ ಬೀಳುತ್ತವೆ.

ವಿಂಟರ್ ಡಾನ್ ಮಹಾಬಲೇಶ್ವರದಲ್ಲಿ ನೆಲೆ ನಿಂತ ತಳಿ. ಬೇಗ ಹಣ್ಣು ಬಿಡುತ್ತದೆ, ಹಣ್ಣು ದಪ್ಪ. ರುಚಿ ಸಾಧಾರಣ, ಸುಳ್ಳು ಹೇಳಲ್ಲ. ಹುಳಿ ಸ್ವಲ್ಪ ಮುಂದು. ಆದರೆ ನಮ್ಮ ದೇಶದಲ್ಲಿ ಇದನ್ನು ಹತ್ತಾರು ವರ್ಷ ಬೆಳೆಸಿ ನೋಡಿದವರಿದ್ದಾರೆ. ಸಸಿ ಸುಲಭವಾಗಿ ಸಿಗುತ್ತದೆ. ಮೊದಲ ವರ್ಷ ಹಾಕುವವರು ಇದರಲ್ಲೇ ಕೈ ಪಳಗಿಸಲಿ ಅನ್ನುವುದು ನನ್ನ ಅಭಿಪ್ರಾಯ. 2008ರಲ್ಲಿ ಬಂದ ಫ್ಲೋರಿಡಾ ರೇಡಿಯನ್ಸ್ ಈ ವಿಂಟರ್ ಡಾನ್‌ನ ಮಗಳೇ. ತಾಯಿ ಗಟ್ಟಿ ಅಂತ ಫ್ಲೋರಿಡಾದವರಿಗೂ ಗೊತ್ತಿತ್ತು.

ಸ್ವೀಟ್ ಚಾರ್ಲಿ ಬಗ್ಗೆ ನನಗೆ ಮೊದಲಿಂದ ಪ್ರೀತಿ. ಮೂವತ್ತು ವರ್ಷ ದಾಟಿದ ತಳಿ. ಬಣ್ಣ ಸ್ವಲ್ಪ ಕಿತ್ತಳೆ ಕಡೆಗೆ, ಹಣ್ಣು ಮೆತ್ತಗೆ, ಲಾರಿ ಪ್ರಯಾಣ ತಡೆಯುವುದಿಲ್ಲ. ಆದರೆ ಆ ಸಿಹಿ! ಹುಳಿ ಕಡಿಮೆ ಇರುವುದರಿಂದ ಮಕ್ಕಳು ಒಂದು ತಿಂದವರು ಇನ್ನೊಂದಕ್ಕೆ ಕೈ ಹಾಕುತ್ತಾರೆ. ಮಳೆಗೆ ಹಣ್ಣಿನಲ್ಲಿ ಬರುವ ಚಿಬ್ಬು ರೋಗವನ್ನು (ಶಿಲೀಂಧ್ರದ ಕೊಳೆ) ಚೆನ್ನಾಗಿ ತಡೆಯುತ್ತದೆ. ಕ್ಯಾಮರೋಸಾ ಅದಕ್ಕೆ ಬೇಗ ಸೋಲುತ್ತದೆ. ಚಿತ್ತೆ, ಸ್ವಾತಿ ಮಳೆ ನಮ್ಮ ಕಡೆ ಹೇಗೆ ಹೊಡೆಯುತ್ತೆ ಅಂತ ನಿಮಗೇ ಗೊತ್ತು. ನವೆಂಬರ್‌ನಲ್ಲೂ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಆದರೆ ಮೂರು ದಿನ ಜಡಿ ಮಳೆ. ಆಗ ಈ ಗುಣ ಕೈ ಹಿಡಿಯುತ್ತದೆ.

ಸೆನ್ಸೇಶನ್ ಸಿಹಿಯೂ ಹೌದು, ನೋಡಲು ಚೆಂದವೂ ಹೌದು. ನಬೀಲಾ ಮಹಾಬಲೇಶ್ವರದ ಕಡೆ ತುಂಬ ಓಡುವ ತಳಿ. ಇವೆರಡನ್ನೂ ನಾನು ಹಾಕಿಲ್ಲ, ಹಾಗಾಗಿ ಜಾಸ್ತಿ ಮಾತಾಡುವುದಿಲ್ಲ.

ಯಾರಿಗೆ ಮಾರುತ್ತೀರಿ ಅಂತ ಮೊದಲು ಹೇಳಿ

ಸ್ಟ್ರಾಬೆರಿ ಬಾಳೆ, ಮಾವಿನ ಹಾಗಲ್ಲ. ಕಿತ್ತ ಮೇಲೆ ಬಣ್ಣ ತಿರುಗುತ್ತದೆ, ಸಿಹಿ ಏರುವುದಿಲ್ಲ. ಮಹಾಬಲೇಶ್ವರದಿಂದ ಬೆಂಗಳೂರಿಗೆ ಏಳುನೂರು ಕಿಲೋಮೀಟರ್ ಮೇಲೆ ಬರುವ ಹಣ್ಣನ್ನು ಮುಕ್ಕಾಲು ಬಣ್ಣಕ್ಕೇ ಕೀಳಬೇಕು. ನಮಗೆ ಬೆಂಗಳೂರು ಅರವತ್ತು ಕಿಲೋಮೀಟರ್. ಪೂರ್ತಿ ಕೆಂಪಾದ ಹಣ್ಣನ್ನು ಬೆಳಗ್ಗೆ ಕಿತ್ತು ಮಧ್ಯಾಹ್ನದೊಳಗೆ ಕೊಡಬಹುದು. ಇದು ನಮಗಿರುವ ದೊಡ್ಡ ಬಲ, ಅದನ್ನು ಸುಮ್ನೆ ಬಿಡಬಾರದು.

ಶನಿವಾರ, ಭಾನುವಾರ ನಂದಿ ಬೆಟ್ಟಕ್ಕೆ, ಆವಲಗುರ್ಕಿಯ ಆದಿಯೋಗಿ ನೋಡಲು ಬರುವ ಕಾರುಗಳನ್ನು ನೀವೇ ನೋಡಿದ್ದೀರಿ. ರಸ್ತೆ ಬದಿ ಕೊಡೆ ಹಾಕಿ ಕೂತು 200 ಗ್ರಾಂ ಡಬ್ಬಿ ಮಾರುವವರು ಸ್ವೀಟ್ ಚಾರ್ಲಿ ಹಾಕಬಹುದು, ಹಾಕಬೇಕು ಅಂತಲೇ ಹೇಳುತ್ತೇನೆ. ಒಮ್ಮೆ ನನ್ನ ತಂಗಿ ಎರಡು ತಟ್ಟೆ ಇಟ್ಟುಕೊಂಡು ಕೂತಿದ್ದಳು. ಒಂದರಲ್ಲಿ ಬ್ರಿಲಿಯನ್ಸ್, ಇನ್ನೊಂದರಲ್ಲಿ ಚಾರ್ಲಿ. ಕಾರಿಂದ ಇಳಿದವರು ಹೊಳೆಯುವುದರ ಹತ್ತಿರವೇ ಬಂದರು. ಒಂದೊಂದು ಹಣ್ಣು ರುಚಿ ನೋಡಿದ ಮೇಲೆ ಒಬ್ಬ ಅಜ್ಜಿ, "ಆ ಸಪ್ಪೆ ಬಣ್ಣದ್ದೇ ಕೊಡಮ್ಮ, ನಾಲ್ಕು ಡಬ್ಬಿ" ಅಂದರು. ರುಚಿ ತೋರಿಸಲು ಅವಕಾಶ ಇದ್ದರೆ ಚಾರ್ಲಿ ಗೆಲ್ಲುತ್ತದೆ. ಡಬ್ಬಿ ಮುಚ್ಚಿ ಅಂಗಡಿ ಶೆಲ್ಫಿಗೆ ಹೋಗುವ ಹಣ್ಣಾದರೆ ಕಣ್ಣಿಗೆ ಕಾಣುವುದೇ ಮುಖ್ಯ, ಅಲ್ಲಿ ಬ್ರಿಲಿಯನ್ಸ್. ಜ್ಯೂಸ್, ಜಾಮ್, ಐಸ್‌ಕ್ರೀಮ್‌ಗೆ ಕೊಡುವವರು ತಳಿಗೆ ತಲೆ ಕೆಡಿಸಿಕೊಳ್ಳಬೇಡಿ.

ಸಸಿಯನ್ನು ಸೀಳಿ ನೋಡಿ

ಎರಡನೇ ವರ್ಷ ನನಗೆ ಪೆಟ್ಟು ಬಿದ್ದದ್ದು ತಳಿಯಿಂದಲ್ಲ, ಸಸಿಯಿಂದ. ಹೊಸ ತಳಿ ಅಂತ ಹೇಳಿ ಒಂದು ನರ್ಸರಿಯಿಂದ ಆರು ಸಾವಿರ ಸಸಿ ತಂದೆ. ಹಸಿರಾಗಿತ್ತು, ಖುಷಿಯಿಂದ ನೆಟ್ಟೆ. ಇಪ್ಪತ್ತು ದಿನಕ್ಕೆ ಒಂದೊಂದೇ ಗಿಡ ಮಧ್ಯಾಹ್ನ ಬಾಡಿ ಸಂಜೆ ಏಳತೊಡಗಿತು. ಆಮೇಲೆ ಸಂಜೆಯೂ ಏಳಲಿಲ್ಲ. ಒಂದನ್ನು ಕಿತ್ತು, ಬ್ಲೇಡಿನಿಂದ ಬುಡವನ್ನು ಉದ್ದಕ್ಕೆ ಸೀಳಿದೆ. ಒಳಗೆ ಕೆನೆ ಬಣ್ಣ ಇರಬೇಕಾದ ಕಡೆ ಇಟ್ಟಿಗೆ ಪುಡಿ ಸುರಿದ ಹಾಗೆ ಕೆಂಪು ಕಂದು ಗೆರೆಗಳು. ಬುಡ ಕೊಳೆ ರೋಗ, ಸಸಿಯ ಹೊಟ್ಟೆಯೊಳಗೇ ಕೂತು ಬಂದಿತ್ತು. ಉಳಿದ ಗಿಡಗಳಲ್ಲೂ ಒಂದರ ಹಣ್ಣು ಉದ್ದ, ಒಂದರದ್ದು ಗುಂಡು. ಎರಡು ಮೂರು ತಳಿ ಬೆರೆಸಿದ್ದರು. ಕೇಳಿದ್ದಕ್ಕೆ "ನೀವು ನೀರು ಜಾಸ್ತಿ ಕೊಟ್ಟಿದ್ದೀರಿ" ಅಂದರು. ಆ ವರ್ಷದ ನೋವು ಇನ್ನೂ ಇದೆ ನನಗೆ.

ಈಗ ಪ್ರತಿ ಬಾಕ್ಸಿನಿಂದ ಐದು ಸಸಿ ಅಲ್ಲೇ ಸೀಳಿ ನೋಡುತ್ತೇನೆ. ಆ ಐದು ಸಸಿ ಹೋದರೆ ಹೋಗಲಿ. ಬುಡ ಸೀಸದಕಡ್ಡಿ ಗಾತ್ರಕ್ಕಿಂತ ಸಣ್ಣ ಇದ್ದರೆ ಬೇಡ. ಬೇರು ಬಿಳಿ ಅಥವಾ ಒಣಹುಲ್ಲಿನ ಬಣ್ಣ ಇರಬೇಕು, ಕಪ್ಪಗಿರಬಾರದು. ಎಲೆ ತಿರುಗಿಸಿ ಭೂತಗನ್ನಡಿ ಹಿಡಿದರೆ ನುಸಿ ಓಡಾಡುವುದು ಕಾಣುತ್ತದೆ. ಬಿಲ್ಲಿನಲ್ಲಿ ತಳಿಯ ಹೆಸರು ಬರೆಸಿಕೊಳ್ಳಿ. ಬರೆಯಲು ಹಿಂದೇಟು ಹಾಕಿದರೆ ಅಲ್ಲಿಂದ ಎದ್ದು ಬನ್ನಿ.

ಲೆಕ್ಕ ಮಾಡಿ ತೋರಿಸುತ್ತೇನೆ. ಎಕರೆಗೆ 22,000 ಸಸಿ. ಹಳೇ ತಳಿ ಸಸಿಗೆ 10 ರೂಪಾಯಿ, ಹೊಸದಕ್ಕೆ 15 ಅಂತಿಟ್ಟುಕೊಳ್ಳಿ. ಹೊಸದಕ್ಕೆ 1,10,000 ರೂಪಾಯಿ ಜಾಸ್ತಿ ಆಯಿತು. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಕೆಜಿಗೆ 200 ರೂಪಾಯಿ ಸಿಕ್ಕರೆ, ಆ ಐದು ರೂಪಾಯಿ ವಾಪಸ್ ಬರಲು ಗಿಡಕ್ಕೆ 25 ಗ್ರಾಂ ಹಣ್ಣು ಜಾಸ್ತಿ ಬಂದರೆ ಸಾಕು. ಒಂದೇ ಒಂದು ದಪ್ಪ ಹಣ್ಣು! ಈಗ ಇನ್ನೊಂದು ಕಡೆ ನೋಡಿ. ನೂರಕ್ಕೆ ಹದಿನೈದು ಸಸಿ ಸತ್ತರೆ 3,300 ಗಿಡ ಹೋಯಿತು. ಗಿಡಕ್ಕೆ ಕಾಲು ಕೆಜಿ ಹಿಡಿದರೂ 825 ಕೆಜಿ ಹಣ್ಣು, 1,65,000 ರೂಪಾಯಿ. ಸಸಿಯ ದುಡ್ಡು ಬೇರೆ. ಹೊಸ ತಳಿಯ ಬೆಲೆಗೆ ಹೆದರಬೇಡಿ, ರೋಗದ ಸಸಿಗೆ ಹೆದರಿ. ಹೊಸ ತಳಿಯ ರೋಗದ ಸಸಿ, ಹಳೇ ತಳಿಯ ಆರೋಗ್ಯದ ಸಸಿ, ಎರಡರಲ್ಲಿ ಒಂದು ಅಂದರೆ ಕಣ್ಣು ಮುಚ್ಚಿ ಹಳೇದನ್ನು ತನ್ನಿ.

ನೀರಿನ ವಿಷಯವೂ ಹಾಗೇ. ಸ್ಟ್ರಾಬೆರಿ ಉಪ್ಪು ತಡೆಯದ ಬೆಳೆ. ಟೊಮೆಟೊ ನಗುನಗುತ್ತಾ ಕುಡಿಯುವ ನೀರಿಗೆ ಇದರ ಎಲೆ ಅಂಚು ಸುಟ್ಟುಹೋಗುತ್ತದೆ. ನೀರಿನ ಇಸಿ (ನೀರಲ್ಲಿ ಕರಗಿದ ಉಪ್ಪಿನ ಅಳತೆ) 0.7ರ ಒಳಗಿದ್ದರೆ ಚಿಂತೆ ಇಲ್ಲ, ಅದರ ಮೇಲೆ ಏರಿದಷ್ಟೂ ಇಳುವರಿ ಇಳಿಯುತ್ತದೆ. ಸಾವಿರ ಅಡಿ ಮೇಲೆ ಕೊರೆದ ಬೋರಿನ ನೀರನ್ನು ಪರೀಕ್ಷೆ ಮಾಡಿಸದೆ ಸಸಿಗೆ ಮುಂಗಡ ಕೊಡಬೇಡಿ. ಕೋಲಾರದವರಿಗೆ ಟಮಕದ ಕೃಷಿ ವಿಜ್ಞಾನ ಕೇಂದ್ರ ಇದೆ, ನಮ್ಮವರಿಗೆ ಚಿಂತಾಮಣಿ ಹತ್ತಿರ ಕುರುಬೂರಿನದು, ತುಮಕೂರಿನವರಿಗೆ ಹಿರೇಹಳ್ಳಿಯದು. ನೀರು, ಮಣ್ಣು ತಗೊಂಡು ಹೋಗಿ ಕೇಳಿ. ಉಪ್ಪು ಜಾಸ್ತಿ ಇದ್ದರೆ ಕೃಷಿ ಹೊಂಡದ ಮಳೆ ನೀರನ್ನು ಬೆರೆಸಿ ಕೊಡಬಹುದು. ಅದೂ ಇಲ್ಲದಿದ್ದರೆ ಯಾವ ತಳಿಯೂ ಬೇಡ.

ಮೂರು ಗುಂಟೆ ಪ್ರಯೋಗ

ಹೊಸ ತಳಿಯನ್ನು ನಂಬಬೇಡಿ ಅಂತ ನಾನು ಹೇಳುತ್ತಿಲ್ಲ. ನಿಮ್ಮ ಹೊಲದಲ್ಲೇ ನೋಡಿ ನಂಬಿ. ಗುಂಟೆಗೆ ಸುಮಾರು 550 ಗಿಡ ಹಿಡಿಯುತ್ತದೆ. ಮೊದಲ ವರ್ಷ ಹೊಸದು ಮೂರು ಗುಂಟೆ ಸಾಕು, ಉಳಿದದ್ದು ವಿಂಟರ್ ಡಾನ್. ಒಂದೇ ದಿನ ನೆಡಿ. ಹಸ್ತ ಮಳೆಯ ಜೋರು ಇಳಿದ ಮೇಲೆ, ಸಂಜೆ ಹೊತ್ತು. ಸುಳಿ ಮಣ್ಣಿನ ಮಟ್ಟಕ್ಕೆ ಸರಿಯಾಗಿ ಇರಲಿ. ಒಳಗೆ ಹೂತರೆ ಕೊಳೆಯುತ್ತದೆ, ಮೇಲೆ ಬಿಟ್ಟರೆ ಒಣಗುತ್ತದೆ. ಹತ್ತಿರದಲ್ಲಿ ಜೇನು ಪೆಟ್ಟಿಗೆ ಇದ್ದರೆ ಒಳ್ಳೆಯದು. ಹಣ್ಣಿನ ಮೈಮೇಲೆ ಕಾಣುವ ಒಂದೊಂದು ಬೀಜಕ್ಕೂ ಪರಾಗ ತಲುಪಬೇಕು. ತಲುಪದ ಕಡೆ ಹಣ್ಣು ಉಬ್ಬದೆ ಸೊಟ್ಟಗಾಗುತ್ತದೆ. ಸೊಟ್ಟ ಹಣ್ಣು ನೋಡಿ ತಳಿಯನ್ನು ಬೈದವರನ್ನು ನಾನು ಕಂಡಿದ್ದೇನೆ.

ಪ್ರತಿ ಸಲ ಬಿಡಿಸಿದಾಗ ತೂಕ ಬೇರೆ ಬೇರೆ ಬರೆದಿಡಿ. ಮೂರು ಗೆರೆ ಎಳೆಯಿರಿ: ಸಂಕ್ರಾಂತಿವರೆಗೆ ಎಷ್ಟು, ಅಲ್ಲಿಂದ ಶಿವರಾತ್ರಿವರೆಗೆ ಎಷ್ಟು, ಆಮೇಲೆ ಎಷ್ಟು. ಪಕ್ಕದಲ್ಲಿ ಅವತ್ತಿನ ರೇಟು. ಸತ್ತ ಗಿಡಗಳನ್ನೂ ಎಣಿಸಿ. ನನ್ನ ಕ್ಯಾಮರೋಸಾ ಮೂರನೇ ಗೆರೆಯ ಕೆಳಗೆ ಚೆನ್ನಾಗಿ ಕಾಣುತ್ತಿತ್ತು, ಆದರೆ ಅಲ್ಲಿನ ರೇಟು ನೋಡಿದ ಮೇಲೆ ಅದನ್ನು ಬಿಟ್ಟೆ.

ಈ ಸಲ ನಾನು ಹದಿನೈದು ಗುಂಟೆ ಬ್ರಿಲಿಯನ್ಸ್, ಐದು ಗುಂಟೆ ಸ್ವೀಟ್ ಚಾರ್ಲಿ ಹಾಕುತ್ತಿದ್ದೇನೆ. ಚಾರ್ಲಿ ಪೂರ್ತಿ ತಂಗಿಯ ರಸ್ತೆ ಬದಿಯ ಮೇಜಿಗೆ. ಸಸಿಗೆ ಈಗಾಗಲೇ ಹೇಳಿದ್ದೇನೆ, ಸೆಪ್ಟೆಂಬರ್ ಕೊನೆಗೆ ಬರುತ್ತದೆ. ಬ್ಲೇಡ್ ತೆಗೆದಿಟ್ಟಿದ್ದೇನೆ. ಸೀಳಿ ನೋಡಬೇಕು ಅನ್ನುವವರು ಅವತ್ತು ತೋಟಕ್ಕೇ ಬನ್ನಿ.